ಎನ್‌ಎಫ್‌ಎಲ್ ಕಮಿಷನರ್ ರಾಜರ್ ಗುಡೆಲ್ ಅವ್ರಿಗೆ: ಬರೀದೇ ಕೊಟ್ಟ ಶಿಕ್ಷೆನ ಈಗ್ಲಾದ್ರೂ ಬರೀರಿ

ಗುಡೆಲ್ ಸರ್, ನಮಸ್ಕಾರ.

ಪತ್ರ ಕನ್ನಡದಲ್ಲಿದೆ, ನ್ಯೂಯಾರ್ಕಿನ ಪಾರ್ಕ್ ಅವೆನ್ಯೂ ಆಫೀಸಲ್ಲಿ ಇದನ್ನ ಓದೋರು ಯಾರೂ ಇರಲ್ಲ ಅಂತ ಗೊತ್ತು, ಆದ್ರೂ ನಿಮ್ಮ ಹೆಸರಿಗೇ ಬರೀತಿದೀನಿ, ಯಾಕಂದ್ರೆ ಉತ್ತರ ಕೊಡಬೇಕಾದವ್ರು ನೀವೇ, ಮತ್ತೆ ಇಲ್ಲಿ ಕ್ಯಾಲಿಫೋರ್ನಿಯಾದ ಸಾಂಟಾ ಕ್ಲಾರಾ, ಸನ್ನಿವೇಲ್, ಫ್ರೀಮಾಂಟ್ ಕಡೆ ಇರೋ ನಮ್ಮ ಕನ್ನಡದವ್ರಲ್ಲಿ ಇಲ್ಲಿನ ಫುಟ್‌ಬಾಲ್ ಟೀಮು ಫೋರ್ಟಿನೈನರ್ಸ್ ಜೆರ್ಸಿ ಹಾಕ್ಕೊಂಡು ಓಡಾಡೋರು ಬೇಕಾದಷ್ಟು ಜನ ಇದಾರೆ, ಅವ್ರಾದ್ರೂ ಓದ್ತಾರೆ. ನಾನು ಕೇಳ್ತಿರೋದು ಒಂದೇ ಪ್ರಶ್ನೆ. ಕಾಲಿನ್ ಕ್ಯಾಪರ್ನಿಕ್‌ಗೆ ನಿಮ್ಮ ಅಮೆರಿಕನ್ ಫುಟ್‌ಬಾಲ್ ಲೀಗ್ ಕೊಟ್ಟ ಶಿಕ್ಷೆ ಏನು, ಎಷ್ಟು ದಿನದ್ದು, ಯಾವ ರೂಲ್ ಪ್ರಕಾರ? ಒಂದು ಹಾಳೆ ಮೇಲಾದ್ರೂ ಎಲ್ಲಾದ್ರೂ ಇದ್ಯಾ?

ಅಮೆರಿಕನ್ ಫುಟ್‌ಬಾಲ್ ನೋಡದೇ ಇರೋ ನಮ್ಮೂರವ್ರಿಗೋಸ್ಕರ ಸ್ವಲ್ಪ ಹಿಂದಿನ ಕಥೆ ಹೇಳ್ಬೇಕು, ನೀವು ಬೇಕಾದ್ರೆ ಈ ಪ್ಯಾರಾ ಹಾರಿಸ್ಕೊಂಡು ಹೋಗಿ. 2016ರ ಆಗಸ್ಟ್ 26, ನಮ್ಮ ಲೀವೈಸ್ ಸ್ಟೇಡಿಯಂನಲ್ಲಿ ಗ್ರೀನ್ ಬೇ ಪ್ಯಾಕರ್ಸ್ ಜೊತೆ ಪ್ರೀ ಸೀಸನ್ ಮ್ಯಾಚು, ಅಂದ್ರೆ ಲೆಕ್ಕಕ್ಕಿಲ್ಲದ ಮ್ಯಾಚು. ರಾಷ್ಟ್ರಗೀತೆ ಹಾಡ್ತಿರೋವಾಗ ಫೋರ್ಟಿನೈನರ್ಸ್ ಕ್ವಾರ್ಟರ್‌ಬ್ಯಾಕ್, ಅಂದ್ರೆ ಚೆಂಡು ಎಸೆದು ಆಟ ನಡೆಸೋ ಆಟಗಾರ, ಕ್ಯಾಪರ್ನಿಕ್ ಎದ್ದು ನಿಲ್ಲಲಿಲ್ಲ, ಬೆಂಚ್ ಮೇಲೆ ಸುಮ್ನೆ ಕೂತಿದ್ರು. ಅದಕ್ಕೆ ಮುಂಚೆನೂ ಕೂತಿದ್ರಂತೆ, ಯಾರೂ ಗಮನಿಸಿರಲಿಲ್ಲ, ಅವತ್ತು ರಿಪೋರ್ಟರ್ ಒಬ್ರ ಕಣ್ಣಿಗೆ ಬಿತ್ತು. ಕೇಳಿದ್ದಕ್ಕೆ ಅವ್ರು ಹೇಳಿದ್ದು, ಕಪ್ಪು ಜನರನ್ನ, ಬಣ್ಣದ ಜನರನ್ನ ತುಳೀತಿರೋ ದೇಶದ ಬಾವುಟಕ್ಕೆ ಹೆಮ್ಮೆ ತೋರಿಸೋಕೆ ನಾನು ನಿಲ್ಲಲ್ಲ ಅಂತ. ಆ ಜುಲೈನಲ್ಲಿ ಲೂಯಿಸಿಯಾನಾದಲ್ಲಿ ಆಲ್ಟನ್ ಸ್ಟರ್ಲಿಂಗ್, ಮಾರನೇ ದಿನಾನೇ ಮಿನೆಸೋಟಾದಲ್ಲಿ ಫಿಲಾಂಡೋ ಕ್ಯಾಸ್ಟೀಲ್, ಇಬ್ರೂ ಪೊಲೀಸ್ ಗುಂಡಿಗೆ ಸತ್ತಿದ್ರು. ಅದಕ್ಕೂ ಹಿಂದಿನ ಡಿಸೆಂಬರಲ್ಲಿ ಸ್ಯಾನ್ ಫ್ರಾನ್ಸಿಸ್ಕೋದ ಬೇವ್ಯೂನಲ್ಲಿ ಮಾರಿಯೋ ವುಡ್ಸ್. ಬೇವ್ಯೂ ಅಂದ್ರೆ ಎಲ್ಲೋ ದೂರ ಅಲ್ಲ, ಫೋರ್ಟಿನೈನರ್ಸ್ ದಶಕಗಟ್ಟಲೆ ಆಡಿದ ಹಳೇ ಕ್ಯಾಂಡಲ್‌ಸ್ಟಿಕ್ ಪಾರ್ಕ್ ಇದ್ದ ಕಡೆನೇ.

ಆಮೇಲಿನದ್ದು ಬಹಳ ಜನಕ್ಕೆ ಗೊತ್ತಿಲ್ಲ. ನೇಟ್ ಬೋಯರ್ ಅಂತ, ಸೈನ್ಯದ ಗ್ರೀನ್ ಬೆರೆಟ್ ಅನ್ನೋ ವಿಶೇಷ ಪಡೆಲಿ ಇದ್ದವ್ರು, ಸ್ವಲ್ಪ ದಿನ ಸಿಯಾಟಲ್ ಟೀಮಲ್ಲೂ ಇದ್ರು, ಅವ್ರು ಕ್ಯಾಪರ್ನಿಕ್‌ಗೆ ಒಂದು ಬಹಿರಂಗ ಪತ್ರ ಬರೆದ್ರು. ಬೈದು ಬರೆದಿದ್ದಲ್ಲ, ನನಗೆ ನೋವಾಯ್ತು ಆದ್ರೆ ನಿನ್ನ ಮಾತು ಕೇಳೋಕೆ ತಯಾರಿದೀನಿ ಅನ್ನೋ ಥರ. ಇಬ್ರೂ ಸ್ಯಾನ್ ಡಿಯಾಗೋದಲ್ಲಿ ಕೂತು ಮಾತಾಡಿದ್ರು, ಬೆಂಚ್ ಮೇಲೆ ಕೂರೋ ಬದಲು ಟೀಮಿನವ್ರ ಪಕ್ಕದಲ್ಲೇ ಒಂದು ಮಂಡಿ ಊರು, ಸತ್ತ ಜೊತೆಗಾರನ ಸಮಾಧಿ ಮುಂದೆ ಸೈನಿಕ್ರೂ ಹಂಗೇ ಮಾಡ್ತಾರೆ ಅಂತ ಬೋಯರ್ ಹೇಳಿದ್ರು. ಸೆಪ್ಟೆಂಬರ್ 1ಕ್ಕೆ ಕ್ಯಾಪರ್ನಿಕ್ ಮಂಡಿ ಊರಿದ್ರು, ಪಕ್ಕದಲ್ಲಿ ಎರಿಕ್ ರೀಡ್, ಇನ್ನೊಂದು ಪಕ್ಕ ಬೋಯರ್ ಎದೆ ಮೇಲೆ ಕೈ ಇಟ್ಕೊಂಡು ನಿಂತಿದ್ರು. ಸೈನ್ಯಕ್ಕೆ ಅವಮಾನ ಅಂತ ಇವತ್ತಿಗೂ ವಾಟ್ಸಾಪಲ್ಲಿ ಕಿರುಚೋ ನಮ್ಮವ್ರಿಗೆ ಇದನ್ನ ಹೇಳಿದ್ರೆ ಆ ಕಡೆಯಿಂದ ರಿಪ್ಲೈ ಬರಲ್ಲ.

ಸರಿ, ಈಗ ನಿಮ್ಮ ವಿಷಯಕ್ಕೆ. ಆವಾಗ ಲೀಗ್ ಏನಂತು? ಆಂಥಮ್, ಅಂದ್ರೆ ರಾಷ್ಟ್ರಗೀತೆ, ಟೈಮಲ್ಲಿ ನಿಲ್ಲೋಕೆ ಆಟಗಾರ್ರಿಗೆ ನಾವು ಪ್ರೋತ್ಸಾಹ ಕೊಡ್ತೀವಿ, ಆದ್ರೆ ಕಡ್ಡಾಯ ಇಲ್ಲ. ಅಡ್ಡಗೋಡೆ ಮೇಲೆ ದೀಪ. ಆದ್ರೂ ಅದರ ಅರ್ಥ ಸ್ಪಷ್ಟ ಇತ್ತಲ್ಲ ಸರ್, ಕ್ಯಾಪರ್ನಿಕ್ ಯಾವ ರೂಲೂ ಮುರಿದಿಲ್ಲ. ಫೋರ್ಟಿನೈನರ್ಸ್ ಮ್ಯಾನೇಜ್‌ಮೆಂಟೂ ಅವತ್ತೇ ಹೇಳ್ತು, ಆಂಥಮಲ್ಲಿ ಭಾಗವಹಿಸೋದು ಬಿಡೋದು ಅವರವ್ರ ಹಕ್ಕು ಅಂತ. ದಂಡ ಇಲ್ಲ, ಸಸ್ಪೆನ್ಷನ್ ಇಲ್ಲ, ಒಂದು ನೋಟಿಸೂ ಇಲ್ಲ. ಇಡೀ ಸೀಸನ್ ಮಂಡಿ ಊರಿದ್ರು, ಆಡಿದ್ರು, 10 ಲಕ್ಷ ಡಾಲರ್ ದಾನ ಕೊಡ್ತೀನಿ ಅಂದಿದ್ದನ್ನ ಮುಂದೆ ಕೊಟ್ಟೂ ಮುಗಿಸಿದ್ರು. 2017ರ ಮಾರ್ಚಲ್ಲಿ ಕಾಂಟ್ರಾಕ್ಟಿಂದ ಹೊರಗೆ ಬಂದ್ರು. ಅಷ್ಟೇ. ಅವತ್ತಿಂದ ಇವತ್ತಿನವರೆಗೆ ಎನ್‌ಎಫ್‌ಎಲ್‌ನಲ್ಲಿ ಒಂದೇ ಒಂದು ಮ್ಯಾಚ್ ಆಡಿಲ್ಲ.

ಆಟ ಚೆನ್ನಾಗಿರಲಿಲ್ಲ, ಅದಕ್ಕೇ ಯಾರೂ ತಗೊಳ್ಳಿಲ್ಲ ಅನ್ನೋ ವಾದ ನನಗೂ ಗೊತ್ತು, ನಾನೂ ಆ ಸೀಸನ್ ನೋಡಿದೀನಿ, 16ರಲ್ಲಿ 2 ಗೆದ್ದ ದರಿದ್ರ ಟೀಮದು, ಕ್ಯಾಪರ್ನಿಕ್ ಕೂಡ 2013ರ ಫೆಬ್ರವರಿಲಿ ಸೂಪರ್ ಬೌಲ್, ಅಂದ್ರೆ ಲೀಗಿನ ಫೈನಲ್‌ವರೆಗೆ ಎಳ್ಕೊಂಡು ಹೋದ ಆಟಗಾರ ಆಗಿ ಉಳಿದಿರಲಿಲ್ಲ. ಮತ್ತೆ ಹೊಸ ಮ್ಯಾನೇಜ್‌ಮೆಂಟ್ ಅವ್ರನ್ನ ಇಟ್ಕೊಳ್ಳೋ ಪ್ಲಾನಲ್ಲಿ ಇರಲಿಲ್ಲ ಅನ್ನೋದೂ ನಿಜ. ಪೊಲೀಸ್ರನ್ನ ಹಂದಿ ಥರ ತೋರಿಸೋ ಸಾಕ್ಸ್ ಹಾಕ್ಕೊಂಡು ಪ್ರ್ಯಾಕ್ಟೀಸಿಗೆ ಬಂದಿದ್ದು ನನಗೆ ಆವಾಗ್ಲೂ ಇಷ್ಟ ಆಗಿಲ್ಲ, ಈಗ್ಲೂ ಇಲ್ಲ. ಆದ್ರೆ ಆ ಕೆಟ್ಟ ಟೀಮಲ್ಲೂ 16 ಟಚ್‌ಡೌನ್ (ಅಂಕ ತರೋ ಪಾಸ್) ಎಸೆದು ಬರೀ 4 ಇಂಟರ್‌ಸೆಪ್ಷನ್ (ಎದುರಾಳಿ ಹಿಡಿದ ಪಾಸ್) ಕೊಟ್ಟಿದ್ರು, ವಯಸ್ಸು 29. ಅದಕ್ಕಿಂತ ಕಡಿಮೆ ನಂಬರ್ ಇರೋ ಕ್ವಾರ್ಟರ್‌ಬ್ಯಾಕುಗಳು ವರ್ಷ ವರ್ಷ ಟೀಮಿಂದ ಟೀಮಿಗೆ ಹೋಗ್ತಾ ಇರ್ತಾರೆ. ಸಿಯಾಟಲ್ ಟೀಮು ಕರೆಸಿ ಮಾತಾಡಿಸ್ತು, ಕೋಚ್ ಪೀಟ್ ಕ್ಯಾರಲ್ ಏನಂದ್ರು ಗೊತ್ತಾ, ಅವ್ರು ಸ್ಟಾರ್ಟರ್, ಅಂದ್ರೆ ಶುರುವಿಂದಲೇ ಆಡಿಸೋ ಮುಖ್ಯ ಆಟಗಾರನ ಮಟ್ಟದವ್ರು, ನಮ್ಮಲ್ಲಿ ಸ್ಟಾರ್ಟರ್ ಇದಾರೆ ಅಂತ. ಜಾಸ್ತಿ ಚೆನ್ನಾಗಿದಾರೆ ಅದಕ್ಕೇ ಕೆಲಸ ಇಲ್ಲ, ಇಂಥ ರಿಜೆಕ್ಷನ್ ನಮ್ಮ ಸಾಫ್ಟ್‌ವೇರ್ ಇಂಟರ್‌ವ್ಯೂಗಳಲ್ಲಿ ಮಾತ್ರ ಕೇಳಿದ್ದೆ.

32 ಟೀಮು, ಮಂಡಿ ಊರಿದ್ದಕ್ಕೇ ತಗೊಳ್ಳಿಲ್ಲ ಅಂತ ಒಂದೂ ಬಾಯಿಬಿಟ್ಟು ಹೇಳಲಿಲ್ಲ. ನನಗೆ ಸಿಟ್ಟು ಬರೋದೇ ಅಲ್ಲಿ. ಶಿಕ್ಷೆ ಕೊಡೋದು ಒಂದು ಲೆಕ್ಕ, ಅದು ತಪ್ಪಿರಬಹುದು, ಅತಿ ಇರಬಹುದು, ಆದ್ರೆ ಬರೆದು ಕೊಟ್ರೆ ಅದಕ್ಕೊಂದು ನಂಬರ್ ಇರತ್ತೆ, ಒಂದು ಕೊನೆ ದಿನ ಇರತ್ತೆ, ಅಪೀಲ್ ಹೋಗೋಕೆ ಒಂದು ಬಾಗಿಲಿರತ್ತೆ. ಬರೀದೇ ಇರೋ ಶಿಕ್ಷೆಗೆ ಇದ್ಯಾವ್ದೂ ಇರಲ್ಲ.

ಬಾಸ್ಕೆಟ್‌ಬಾಲ್ ಲೀಗು ಎನ್‌ಬಿಎದವ್ರನ್ನೇ ತಗೊಳ್ಳಿ. 1996ರ ಮಾರ್ಚಲ್ಲಿ ಡೆನ್ವರ್ ನಗೆಟ್ಸ್ ಟೀಮಿನ ಆಟಗಾರ ಮಹಮೂದ್ ಅಬ್ದುಲ್ ರವೂಫ್ ಆಂಥಮಿಗೆ ನಿಲ್ಲಲ್ಲ ಅಂದ್ರು, ಆ ಬಾವುಟ ದಬ್ಬಾಳಿಕೆಯ ಗುರುತು, ನನ್ನ ಇಸ್ಲಾಂ ನಂಬಿಕೆಗೆ ಒಪ್ಪಲ್ಲ ಅಂತ. ಎನ್‌ಬಿಎಲಿ ನಿಲ್ಲಬೇಕು ಅಂತ ರೂಲ್ ಬರೆದೇ ಇತ್ತು, ಡೇವಿಡ್ ಸ್ಟರ್ನ್ ಕಮಿಷನರ್, ಸೀದಾ ಸಸ್ಪೆಂಡ್ ಮಾಡಿದ್ರು, ಒಂದು ಮ್ಯಾಚಿಗೆ 31,707 ಡಾಲರ್ ಸಂಬಳ ಕಟ್. ಪ್ಲೇಯರ್ಸ್ ಯೂನಿಯನ್ ಅವ್ರ ಪರ ನಿಂತ್ಕೊಳ್ತು, ಎರಡು ಮೂರು ದಿನದಲ್ಲೇ ರಾಜಿ ಆಯ್ತು, ನಿಂತ್ಕೊಳ್ತೀನಿ ಆದ್ರೆ ತಲೆ ಬಗ್ಗಿಸಿ ಪ್ರಾರ್ಥನೆ ಮಾಡ್ತೀನಿ ಅಂತ. ಆ ರೂಲು ನನಗೆ ಸರಿ ಅನ್ಸಲ್ಲ, ಆದ್ರೆ ಜಗಳ ಎಲ್ಲರ ಕಣ್ಣೆದುರು ನಡೆದು ಮುಗೀತಲ್ಲ. ಮುಗೀತು ಅಂದೆ, ಅದೂ ಪೂರ್ತಿ ನಿಜ ಅಲ್ಲ. ಟೀಮಲ್ಲಿ ಅತಿ ಹೆಚ್ಚು ಪಾಯಿಂಟ್ ಹೊಡೀತಿದ್ದ ಮನುಷ್ಯನ್ನ ಅದೇ ಬೇಸಿಗೆಲಿ ಸ್ಯಾಕ್ರಮೆಂಟೋಗೆ ಟ್ರೇಡ್ ಮಾಡಿದ್ರು, 1998ಕ್ಕೆ ಎನ್‌ಬಿಎಲಿ ಕೆಲಸಾನೇ ಇಲ್ಲ, ಆಮೇಲೆ ವ್ಯಾಂಕೂವರಲ್ಲಿ ಒಂದು ಸೀಸನ್ ಬಿಟ್ರೆ ಎಲ್ಲಾ ಬೇರೆ ದೇಶಗಳಲ್ಲಿ ಆಟ. ಬರೆದು ಕೊಟ್ಟ ಶಿಕ್ಷೆ ಒಂದು ಮ್ಯಾಚಿಗೆ ಮುಗೀತು, ಬರೀದೇ ಇದ್ದದ್ದು ಇಡೀ ಕರಿಯರ್ ನುಂಗ್ತು.

ಇಲ್ಲಿಯ ಸಾಕರ್ ಫೆಡರೇಷನ್ನು ಯುಎಸ್ ಸಾಕರ್ ಇನ್ನೊಂದು. ಆಟಗಾರ್ತಿ ಮೇಗನ್ ರಪೀನೋ 2016ರ ಸೆಪ್ಟೆಂಬರಲ್ಲಿ ಕ್ಯಾಪರ್ನಿಕ್‌ಗೆ ಬೆಂಬಲವಾಗಿ ಮಂಡಿ ಊರಿದ್ರು. ಮುಂದಿನ ಮ್ಯಾಚಿಗೆ ವಾಷಿಂಗ್ಟನ್ ಟೀಮಿನವ್ರು ಎಂಥಾ ಕಿಲಾಡಿತನ ಮಾಡಿದ್ರು ನೋಡಿ, ಆಟಗಾರ್ರು ಇನ್ನೂ ಲಾಕರ್ ರೂಮಲ್ಲಿ ಇರೋವಾಗ್ಲೇ ಆಂಥಮ್ ಹಾಡಿಸಿ ಮುಗಿಸಿಬಿಟ್ರು, ಮಂಡಿ ಊರೋಕೆ ಗ್ರೌಂಡಲ್ಲಿ ಯಾರಿದಾರೆ! 2017ರಲ್ಲಿ ಫೆಡರೇಷನ್ನು ಎಲ್ಲರೂ ಗೌರವದಿಂದ ನಿಲ್ಲಲೇಬೇಕು ಅಂತ ಪಾಲಿಸಿನೇ ಬರೀತು. ಕೆಟ್ಟ ಪಾಲಿಸಿ, ಆದ್ರೆ ಅದು ಹಾಳೆ ಮೇಲಿತ್ತು, ಅದಕ್ಕೇ 2020ರ ಜೂನಲ್ಲಿ ಬೋರ್ಡ್ ವೋಟ್ ಹಾಕಿ ಅದನ್ನ ತೆಗೆದು ಹಾಕೋಕೆ ಆಯ್ತು. ನೀವು ಏನನ್ನ ತೆಗೆದು ಹಾಕ್ತೀರಾ ಸರ್? ಇದ್ರೆ ತಾನೇ.

ನಿಮ್ಮಲ್ಲೇ ಇರೋ ಉದಾಹರಣೆ ಹೇಳ್ಲಾ, ಅದೂ ನಮ್ಮ ಟೀಮಿಂದೇ. 2024ರ ಅಕ್ಟೋಬರ್ ಕೊನೇಲಿ, ಎಲೆಕ್ಷನ್‌ಗೆ ಒಂಬತ್ತು ದಿನ ಇರೋವಾಗ, ಡಲ್ಲಸ್ ಮ್ಯಾಚ್ ಗೆದ್ದ ಮೇಲೆ ನಮ್ಮ ಆಟಗಾರ ನಿಕ್ ಬೋಸಾ ಟ್ರಂಪ್ ಪ್ರಚಾರದ ಟೋಪಿ ಹಾಕ್ಕೊಂಡು ಟಿವಿ ಇಂಟರ್‌ವ್ಯೂ ಮಧ್ಯೆ ನುಗ್ಗಿದ್ರು. ಗ್ರೌಂಡಲ್ಲಿ ಸ್ವಂತ ಮೆಸೇಜ್ ತೋರಿಸಬಾರದು ಅಂತ ರೂಲಿದೆ, 11,255 ಡಾಲರ್ ಫೈನ್ ಹಾಕಿದ್ರಿ, ಕೊಟ್ಟಿದ್ದು ಸಾರ್ಥಕ ಅನ್ನೋ ಥರ ನಕ್ಕು ಬಿಟ್ಟಾಕಿದ್ರು, ಮುಂದಿನ ಮ್ಯಾಚಲ್ಲಿ ಆಡಿದ್ರು. ಅವ್ರ ರಾಜಕೀಯ ನನಗೆ ಆಗ್ಬರಲ್ಲ ಆದ್ರೆ ನೀವು ನಡ್ಕೊಂಡಿದ್ದು ಸರಿ ಇತ್ತು. ರೂಲ್ ಇತ್ತು, ರೇಟ್ ಇತ್ತು, ಕಟ್ಟಿದ್ರು, ಮುಗೀತು. ಅದೇ ಗ್ರೌಂಡಲ್ಲಿ ಎಂಟು ವರ್ಷ ಮುಂಚೆ ಒಬ್ರು ಯಾವ ರೂಲೂ ಮುರೀದೇ ಸುಮ್ನೆ ಕೂತಿದ್ದಕ್ಕೆ ಕೊಟ್ಟ ರೇಟ್ ಎಷ್ಟು ಅಂತ ಹೇಳೋಕೆ ನಿಮ್ಮಲ್ಲಿ ಯಾರೂ ಇಲ್ಲ.

ಇಂಡಿಯಾದಲ್ಲೂ ಇಂಥದ್ದು ನಡೆದಿದೆ, ನಮ್ಮವ್ರಿಗೆ ನೆನಪಿರ್ಲಿ ಅಂತ ಹೇಳ್ತಿದೀನಿ. 1985ರಲ್ಲಿ ಕೇರಳದ ಒಂದು ಸ್ಕೂಲಲ್ಲಿ ಯೆಹೋವನ ಸಾಕ್ಷಿಗಳು ಅನ್ನೋ ಪಂಗಡದ ಮೂರು ಮಕ್ಕಳು ಜನಗಣಮನಕ್ಕೆ ಎದ್ದು ನಿಲ್ತಿದ್ರು, ಆದ್ರೆ ಹಾಡ್ತಿರಲಿಲ್ಲ. ಸ್ಕೂಲಿಂದ ತೆಗೆದು ಹಾಕಿದ್ರು. ತೆಗೆದು ಹಾಕಿದ್ದು ಕಾಗದದ ಮೇಲಿತ್ತು, ಅಪ್ಪ ಕೋರ್ಟಿಗೆ ಹೋದ್ರು, ಹೈಕೋರ್ಟಲ್ಲಿ ಸೋತ್ರು, 1986ರಲ್ಲಿ ಸುಪ್ರೀಂ ಕೋರ್ಟ್ ಮಕ್ಕಳನ್ನ ವಾಪಸ್ ತಗೊಳ್ಳಿ ಅಂತು, ಗೌರವದಿಂದ ನಿಂತಿದಾರಲ್ಲ, ಹಾಡಲೇಬೇಕು ಅನ್ನೋಕೆ ಕಾನೂನಿಲ್ಲ ಅಂತ. ಸಿನಿಮಾ ಥಿಯೇಟರ್ ಕಥೆನೂ ಹಂಗೇ, 2016ರ ನವೆಂಬರಲ್ಲಿ ಕಡ್ಡಾಯ ಅಂತ ಆರ್ಡರ್ ಬಂತು, 2018ರ ಜನವರಿಲಿ ಕಡ್ಡಾಯ ಅಲ್ಲ ಅಂತ ಅದೇ ಕೋರ್ಟ್ ತಿದ್ದಿಕೊಳ್ತು. ಆರ್ಡರ್ ಹೋದ್ಮೇಲೂ ಬೆಂಗಳೂರಿನ ಥಿಯೇಟರಲ್ಲಿ ಎದ್ದು ನಿಲ್ಲದೇ ಇದ್ದವ್ರ ಮೇಲೆ ಜನ ಕೂಗಾಡಿದ್ದು ವೀಡಿಯೋ ಆಗಿ ಓಡಾಡ್ತು, ಅದಕ್ಕೆ ಮಾತ್ರ ಯಾವ ಆರ್ಡರೂ ಬೇಕಾಗಿಲ್ಲ. ಗುಂಪಿಗೆ ಹೆದರ್ಕೊಂಡು ಬರೀದೇ ಇರೋ ರೂಲ್ ನಡೆಸೋದು ಥಿಯೇಟರ್ ಗುಂಪಿಗೂ ಬರತ್ತೆ ಸರ್, ಅದಕ್ಕೆ ಕಮಿಷನರ್ ಯಾಕೆ?

ದೇಶಭಕ್ತಿ ವಿಷಯ ಬಂದಿದ್ದಕ್ಕೆ ಇದೊಂದು ಹೇಳಿಬಿಡ್ತೀನಿ. 2009ರ ತನಕ ರಾತ್ರಿ ಪ್ರೈಮ್ ಟೈಮ್ ಮ್ಯಾಚುಗಳಲ್ಲಿ ಆಂಥಮ್ ಟೈಮಿಗೆ ಆಟಗಾರ್ರು ಗ್ರೌಂಡಿಗೇ ಬರ್ತಿರಲಿಲ್ಲ, ಒಳಗೇ ಇರ್ತಿದ್ರು, ಯಾರ ದೇಶಪ್ರೇಮನೂ ಕಮ್ಮಿ ಆಗಿರಲಿಲ್ಲ. 2015ರಲ್ಲಿ ಜಾನ್ ಮೆಕೇನ್, ಜೆಫ್ ಫ್ಲೇಕ್ ಅನ್ನೋ ಇಬ್ರು ಸೆನೆಟರ್‌ಗಳು, ಅದೂ ರಿಪಬ್ಲಿಕನ್ನರು, ರಿಪೋರ್ಟ್ ಹೊರಗೆ ಹಾಕಿದ್ರು, ಬೇರೆ ಬೇರೆ ಲೀಗುಗಳ ಟೀಮುಗಳು ಸೈನಿಕರಿಗೆ ಸನ್ಮಾನ, ಬಾವುಟ ಬಿಚ್ಚೋ ಕಾರ್ಯಕ್ರಮ ಇಂಥದ್ದಕ್ಕೆಲ್ಲ ರಕ್ಷಣಾ ಇಲಾಖೆಯಿಂದ ದುಡ್ಡು ತಗೊಂಡಿವೆ ಅಂತ. ನಿಮ್ಮ ಲೀಗ್ ಮುಂದಿನ ವರ್ಷ 7 ಲಕ್ಷ 23 ಸಾವಿರ ಚಿಲ್ಲರೆ ಡಾಲರ್ ವಾಪಸ್ ಕೊಡ್ತು. ಅಂದ್ರೆ ಟ್ಯಾಕ್ಸ್ ಕಟ್ಟೋ ನಾವು ದುಡ್ಡು ಕೊಟ್ಟು ಕಣ್ಣೀರು ಹಾಕ್ತಿದ್ವಿ. ಇನ್ನು ಲೀವೈಸ್‌ನಲ್ಲಿ ಆಂಥಮ್ ಹಾಡೋವಾಗ ಒಂದ್ಸಲ ಕಾರಿಡಾರ್ ಕಡೆ ಬಂದು ನೋಡಿ, ಬಿಯರ್ ಕ್ಯೂ ಅಲ್ಲಾಡಲ್ಲ.

2017ರ ಸೆಪ್ಟೆಂಬರ್ 22ಕ್ಕೆ ಅಲಬಾಮಾದ ಹಂಟ್ಸ್‌ವಿಲ್‌ನಲ್ಲಿ ಪ್ರೆಸಿಡೆಂಟ್ ಟ್ರಂಪ್ ಮಂಡಿ ಊರೋ ಆಟಗಾರ್ರನ್ನ ತಾಯಿಗೆ ಸೇರಿಸಿ ಬೈದು ಗ್ರೌಂಡಿಂದ ಆಚೆ ಹಾಕಿ ಅಂದ್ರು. ಆ ಭಾನುವಾರ 200ಕ್ಕೂ ಜಾಸ್ತಿ ಆಟಗಾರ್ರು ಕೂತ್ರು, ಇಲ್ಲಾ ಮಂಡಿ ಊರಿದ್ರು, ಮಾರನೇ ದಿನ ಡಲ್ಲಸ್ ಮಾಲೀಕ ಜೆರ್ರಿ ಜೋನ್ಸ್ ಕೂಡ ಟೀಮ್ ಜೊತೆ ಕೈ ಕೈ ಹಿಡ್ಕೊಂಡು ಮಂಡಿ ಊರಿದ್ರು, ಆಂಥಮ್ ಶುರು ಆಗೋಕೆ ಮುಂಚೆ ಮಾತ್ರ, ಎರಡು ವಾರಕ್ಕೆ ಅದೇ ಜೋನ್ಸ್ ಬಾವುಟಕ್ಕೆ ಅಗೌರವ ತೋರಿಸಿದ್ರೆ ನನ್ನ ಟೀಮಲ್ಲಿ ಆಡಲ್ಲ ಅಂದ್ರು. ನಗಬೇಕೋ ಅಳಬೇಕೋ.

ಹಂಟ್ಸ್‌ವಿಲ್ ಅಂದಾಗ ನನಗೆ ನೆನಪಾಗೋದು ಪಕ್ಕದ ಮ್ಯಾಡಿಸನ್ ಊರು. 2015ರ ಫೆಬ್ರವರಿಲಿ ಗುಜರಾತಿಂದ ಮೊಮ್ಮಗನ್ನ ನೋಡ್ಕೊಳ್ಳೋಕೆ ಬಂದಿದ್ದ ಒಬ್ರು ಹಿರಿಯರು ಬೆಳಿಗ್ಗೆ ಮಗನ ಮನೆ ಹತ್ರ ವಾಕಿಂಗ್ ಹೋಗಿದ್ರು. ಯಾರೋ ಕಪ್ಪು ಮನುಷ್ಯ ಓಡಾಡ್ತಿದಾನೆ ಅಂತ ಅಕ್ಕಪಕ್ಕದವ್ರು ಪೊಲೀಸ್ರಿಗೆ ಫೋನ್ ಮಾಡಿದ್ರು. ಪೊಲೀಸಪ್ಪ ಬಂದು ಕೇಳಿದ್ದು ಅವ್ರಿಗೆ ಅರ್ಥ ಆಗಲಿಲ್ಲ, ನೋ ಇಂಗ್ಲಿಷ್ ಅಂದ್ರು, ನೆಲಕ್ಕೆ ಎತ್ತಿ ಕುಕ್ಕಿದ, ಕುತ್ತಿಗೆ ಮೂಳೆಗೆ ಏಟಾಗಿ ಮೈ ಸ್ವಲ್ಪ ಮಟ್ಟಿಗೆ ಸ್ವಾಧೀನ ತಪ್ಪಿತು. ಎರಡು ಸಲ ಜ್ಯೂರಿ ಒಮ್ಮತಕ್ಕೆ ಬರಲಿಲ್ಲ, ಆಮೇಲೆ ಜಡ್ಜು ಖುಲಾಸೆ ಮಾಡಿದ್ರು. ಕ್ಯಾಪರ್ನಿಕ್ ಜಗಳ ನಮಗ್ಯಾಕೆ ಉಸಾಬರಿ, ಅದು ಅವ್ರವ್ರ ವಿಷಯ ಅನ್ನೋ ನಮ್ಮ ಅಂಕಲ್‌ಗಳಿಗೆ ಇದನ್ನ ಹೇಳ್ತೀನಿ, ನಿಮ್ಮ ಅಪ್ಪಾಜಿನೂ ಆರು ತಿಂಗಳ ವೀಸಾದಲ್ಲಿ ಬಂದು ಬೆಳಿಗ್ಗೆ ಮಂಕಿಕ್ಯಾಪ್ ಹಾಕ್ಕೊಂಡು ವಾಕಿಂಗ್ ಹೋಗ್ತಾರಲ್ವಾ, ಫೋನ್ ಮಾಡೋರಿಗೆ ಅವ್ರು ಯಾವ ಜಾತಿ ಯಾವ ದೇಶ ಅಂತ ಗೊತ್ತಿರಲ್ಲ.

ವಾಪಸ್ ನಿಮ್ಮ ಕಡೆ. 2018ರ ಮೇ 23ಕ್ಕೆ ಅಟ್ಲಾಂಟಾದಲ್ಲಿ ಮಾಲೀಕರ ಮೀಟಿಂಗ್ ಮಾಡಿ ಪಾಲಿಸಿ ಬರೆದ್ರಿ: ಗ್ರೌಂಡಲ್ಲಿದ್ರೆ ನಿಲ್ಲಬೇಕು, ಇಷ್ಟ ಇಲ್ಲದವ್ರು ಲಾಕರ್ ರೂಮಲ್ಲಿ ಇರಬಹುದು, ಯಾರಾದ್ರೂ ಮಂಡಿ ಊರಿದ್ರೆ ಟೀಮಿಗೆ ಫೈನು. ಹಾವೂ ಸಾಯಬಾರದು ಕೋಲೂ ಮುರೀಬಾರದು. ಪ್ಲೇಯರ್ಸ್ ಯೂನಿಯನ್‌ನ ಕೇಳಿರಲೂ ಇಲ್ಲ, ಅವ್ರು ಜುಲೈನಲ್ಲಿ ದೂರು ಹಾಕಿದ್ರು. ಆಮೇಲೆ ಮಯಾಮಿ ಡಾಲ್ಫಿನ್ಸ್‌ನವ್ರು ತಮ್ಮ ಶಿಸ್ತಿನ ಲಿಸ್ಟಲ್ಲಿ ಆಂಥಮ್ ಪ್ರತಿಭಟನೆಗೆ 4 ಮ್ಯಾಚ್‌ವರೆಗೆ ಸಸ್ಪೆನ್ಷನ್ ಅಂತ ಬರೆದಿದ್ದು ಹೊರಗೆ ಬಂತು, ಗಂಟೆಗಳಲ್ಲೇ ಲೀಗೂ ಯೂನಿಯನ್ನೂ ಸೇರಿ ಇಡೀ ಪಾಲಿಸಿನ ಫ್ರೀಜ್ ಮಾಡಿದ್ರಿ. ನೋಡಿ ಸರ್, ಶಿಕ್ಷೆ ಇಷ್ಟು ಅಂತ ಒಂದು ಟೀಮ್ ಬರೆದ ತಕ್ಷಣ ಅದು ಒಂದು ದಿನನೂ ಬದುಕಲಿಲ್ಲ. ಬರೀದೇ ಇದ್ದದ್ದು ಮಾತ್ರ ಇನ್ನೂ ಜಾರಿಲಿದೆ.

ಮಾಲೀಕರೆಲ್ಲ ಒಳಗೊಳಗೇ ಮಾತಾಡ್ಕೊಂಡು ಹೊರಗಿಟ್ರು ಅಂತ ಕ್ಯಾಪರ್ನಿಕ್ 2017ರಲ್ಲೇ ದೂರು ಕೊಟ್ಟಿದ್ರು. ಇದನ್ನ ವಜಾ ಮಾಡಿ ಅಂತ ನೀವು ಕೇಳಿದ್ರಿ, ದೂರು ಕೇಳ್ತಿದ್ದ ಮಧ್ಯಸ್ಥಗಾರ, ಅಂದ್ರೆ ಆರ್ಬಿಟ್ರೇಟರ್, ಇಲ್ಲ, ವಿಚಾರಣೆ ನಡೀಲಿ ಅಂದ್ರು. ವಿಚಾರಣೆಗೆ ಮುಂಚೆನೇ 2019ರ ಫೆಬ್ರವರಿಲಿ ಸೆಟಲ್‌ಮೆಂಟ್, ಎಷ್ಟು ಏನು ಎಲ್ಲಾ ಗುಟ್ಟು. ಅವ್ರೂ ಸಹಿ ಹಾಕಿದಾರೆ, ಅದು ಅವ್ರ ಹಕ್ಕು, ನಾನು ದೂರಲ್ಲ. ಆದ್ರೆ ಸತ್ಯ ಗೊತ್ತಾಗೋಕೆ ಇದ್ದ ಒಂದೇ ಬಾಗಿಲೂ ಅಲ್ಲಿಗೆ ಮುಚ್ಚಿತು.

ಆಮೇಲೆ ಪೊಲೀಸ್ ಕೈಲಿ ಜಾರ್ಜ್ ಫ್ಲಾಯ್ಡ್ ಸಾವು. 2020ರ ಜೂನ್ 5ಕ್ಕೆ ನೀವು ಮನೆಯಿಂದ ಒಂದೂವರೆ ನಿಮಿಷನೂ ಇಲ್ಲದ ವೀಡಿಯೋ ಹಾಕಿದ್ರಿ, ಆಟಗಾರ್ರ ಮಾತು ಮುಂಚೆ ಕೇಳದೇ ಇದ್ದಿದ್ದು ತಪ್ಪು, ಶಾಂತಿಯುತವಾಗಿ ಪ್ರತಿಭಟಿಸಿ ಅಂತ. ಯಾರ ಮಾತು ಕೇಳಲಿಲ್ಲವೋ ಅವ್ರ ಹೆಸರು ಮಾತ್ರ ಇಲ್ಲ. ಆಗಸ್ಟಲ್ಲಿ ಒಂದು ಇಂಟರ್‌ವ್ಯೂಲಿ ಹೆಸರು ಬಂತು ಅನ್ನೋದನ್ನೂ ಒಪ್ತೀನಿ. ಅದೇ ವರ್ಷದಿಂದ ಗ್ರೌಂಡಿನ ತುದಿಯ ಎಂಡ್ ಝೋನಲ್ಲಿ ರೇಸಿಸಂ ಕೊನೆಗಾಣಿಸಿ ಅಂತ ಪೇಂಟ್ ಹೊಡೆಸಿದ್ರಿ, 2025ರ ಫೆಬ್ರವರಿಲಿ ನ್ಯೂ ಆರ್ಲಿಯನ್ಸ್ ಸೂಪರ್ ಬೌಲ್‌ಗೆ ಟ್ರಂಪ್ ಬಂದಾಗ ಅದೇ ಜಾಗದಲ್ಲಿ ಪ್ರೀತಿಯನ್ನ ಆರಿಸ್ಕೊಳ್ಳಿ ಅಂತ ಬದಲಾಗಿತ್ತು. ಅವ್ರು ಬರ್ತಾರೆ ಅಂತ ಬದಲಾಯಿಸಿದ್ದಲ್ಲ ಅಂತ ನಿಮ್ಮವ್ರು ಹೇಳಿದ್ರು. ಇರ್ಲಿ. ಪೇಂಟು ಯಾವಾಗ ಬೇಕಾದ್ರೂ ಬದಲಾಯಿಸಬಹುದು, ಅದಕ್ಕೇ ನಿಮಗೆ ಪೇಂಟ್ ಇಷ್ಟ.

ಪ್ರೈವೇಟ್ ಲೀಗ್, ನಮ್ಮಿಷ್ಟ, ಕೆಲಸದ ಜಾಗದಲ್ಲಿ ಪ್ರತಿಭಟನೆ ಯಾಕೆ ಅಂತ ಕೇಳೋರಿಗೂ ಒಂದು ಮಾತು. ನಿಜ, ಇಲ್ಲಿಯ ಸಂವಿಧಾನದ ಮೊದಲನೇ ತಿದ್ದುಪಡಿ ಸರ್ಕಾರದ ಕೈ ಕಟ್ಟತ್ತೆ, ಮಾಲೀಕರ ಕೈ ಅಲ್ಲ. ಹಂಗಂತ ರೂಲ್ ಏನು ಅಂತ ಹೇಳೋ ಜವಾಬ್ದಾರಿ ತಪ್ಪತ್ತಾ? 2021ರ ಅಕ್ಟೋಬರಲ್ಲಿ ದುಬೈ ಟಿ20 ವರ್ಲ್ಡ್ ಕಪ್ ನೆನಪಿಸ್ಕೊಳ್ಳಿ. ಪಾಕಿಸ್ತಾನದ ಮ್ಯಾಚ್ ಶುರು ಆಗೋ ಮುಂಚೆ ನಮ್ಮ ಟೀಮು ಮಂಡಿ ಊರ್ತು, ಪಿಚ್ ಹತ್ರ ನಮ್ಮ ಕೆ.ಎಲ್. ರಾಹುಲ್, ರೋಹಿತ್ ಶರ್ಮಾ, ಉಳಿದವ್ರು ಬೌಂಡರಿ ಹತ್ರ. ಆಮೇಲೆ ಹತ್ತು ವಿಕೆಟ್ಟಲ್ಲಿ ಸೋತ್ವಿ, ಆ ಮಾತು ಬೇಡ. ಎರಡು ದಿನ ಬಿಟ್ಟು ಸೌತ್ ಆಫ್ರಿಕಾ ಬೋರ್ಡು ಎಲ್ಲರೂ ಮಂಡಿ ಊರಲೇಬೇಕು ಅಂತ ಆರ್ಡರ್ ಕೊಡ್ತು, ಕ್ವಿಂಟನ್ ಡಿ ಕಾಕ್ ಒಲ್ಲೆ ಅಂದು ಮ್ಯಾಚಿಂದಲೇ ಹೊರಗೆ ಉಳಿದ್ರು. ಬಲವಂತವಾಗಿ ಮಂಡಿ ಊರಿಸೋದೂ ಬಲವಂತವಾಗಿ ನಿಲ್ಲಿಸೋದೂ ನನಗೆ ಒಂದೇ, ಬೋರ್ಡ್ ಮಾಡಿದ್ದು ತಪ್ಪು. ಆದ್ರೆ ಆರ್ಡರ್ ಎಲ್ಲರಿಗೂ ಕಾಣ್ತಿತ್ತು, ಜಗಳ ಆಯ್ತು, ಅವ್ರು ತಮ್ಮ ಮಾತು ಹೇಳಿದ್ರು, ಮುಂದಿನ ಮ್ಯಾಚಿಗೆ ಮಂಡಿ ಊರಿ ಆಡಿದ್ರು. ವಾರದೊಳಗೆ ಇತ್ಯರ್ಥ.

ಕ್ಯಾಪರ್ನಿಕ್‌ನ ಮತ್ತೆ ಆಡಿಸಿ ಅಂತ ನಾನು ಕೇಳ್ತಿಲ್ಲ, ಅವ್ರು ಹುಟ್ಟಿದ್ದು 1987ರಲ್ಲಿ, ಆ ಕಾಲ ಹೋಯ್ತು. ನಾನು ಕೇಳೋದು ಮುಂದಿನವ್ರಿಗೆ. 2018ರ ಪಾಲಿಸಿ ಫ್ರೀಜ್ ಅನ್ನೋದನ್ನ ಬಿಟ್ಟು ರದ್ದು ಅಂತ ಹೇಳಿ. ಆಂಥಮ್ ಟೈಮಲ್ಲಿ ಯಾರಿಗೂ ತೊಂದರೆ ಕೊಡದೇ ಸುಮ್ನೆ ಮಂಡಿ ಊರಿದ್ದಕ್ಕೆ ಯಾವ ಟೀಮೂ ಆಟಗಾರನ್ನ ತೆಗೆಯೋ ಹಾಗಿಲ್ಲ, ಅದೇ ಕಾರಣಕ್ಕೆ ತಗೊಳ್ಳದೇ ಇರೋ ಹಾಗೂ ಇಲ್ಲ, ಅನುಮಾನ ಬಂದ್ರೆ ದೂರು ಯಾರು ಕೇಳ್ತಾರೆ, ಎಷ್ಟು ದಿನದಲ್ಲಿ ಕೇಳ್ತಾರೆ ಅಂತ ಮ್ಯಾನುಯಲ್‌ಲಿ ಹಾಕಿ. ಇಲ್ಲಾ, ನಿಲ್ಲಲೇಬೇಕು, ಇಲ್ದಿದ್ರೆ ಇಷ್ಟು ಫೈನು ಅಂತನಾದ್ರೂ ಹಾಕಿ, ನಾನು ಅದನ್ನ ವಿರೋಧಿಸ್ತೀನಿ, ಯೂನಿಯನ್ನೂ ವಿರೋಧಿಸತ್ತೆ, ಆದ್ರೆ ಏನನ್ನ ವಿರೋಧಿಸ್ತಿದೀವಿ ಅಂತ ಎಲ್ಲರಿಗೂ ಗೊತ್ತಿರತ್ತೆ.

ಮಾಲೀಕರ ಮುಂದಿನ ಮೀಟಿಂಗಲ್ಲೇ ಇಡಬಹುದು. ನಿಮ್ಮಲ್ಲಿ ರೂಲ್ ಬದಲಾಗೋಕೆ 32ರಲ್ಲಿ 24 ವೋಟ್ ಬೇಕು. 2018ರಲ್ಲಿ ಆ ಪಾಲಿಸಿ ಪಾಸ್ ಆದಾಗ ನಮ್ಮ ಫೋರ್ಟಿನೈನರ್ಸ್ ಮುಖ್ಯಸ್ಥ ಜೆಡ್ ಯಾರ್ಕ್ ವೋಟ್ ಹಾಕದೇ ಕೂತಿದ್ರು ಅಂತ ಅವ್ರೇ ಹೇಳಿದಾರೆ, ಫೋನ್ ಅವ್ರಿಂದ್ಲೇ ಶುರು ಮಾಡಿ.

ಇಂತಿ,
ಸಾಂಟಾ ಕ್ಲಾರಾದ ಒಬ್ಬ ಫೋರ್ಟಿನೈನರ್ಸ್ ಅಭಿಮಾನಿ